ಎಲ್ಲ ಮಕ್ಕಳೂ ಸೇರಿ ಒಂದೇ ಕಲಾಕೃತಿ ಮಾಡುವುದು ಹೇಗೆ?

ಪ್ರಶ್ನೆ: ನಮ್ಮ ಬಡಾವಣೆಯ 5ರಿಂದ 12 ವರ್ಷದ ಸುಮಾರು 40 ಮಕ್ಕಳನ್ನು ಸೇರಿಸಿ ದೊಡ್ಡದೊಂದು ಕಲಾಕೃತಿ ಮಾಡಿಸಬೇಕು ಅಂತಿದ್ದೇವೆ. ಹಳೇ ಪೇಪರ್, ಬಾಟಲಿ ಮುಚ್ಚಳ, ಬಟ್ಟೆ ಚೂರು ಕೂಡಿಟ್ಟಿದ್ದೇವೆ. ದೊಡ್ಡ ಚಿಟ್ಟೆಯ ಚಿತ್ರ ಬರೆದು, ಒಳಗೆ ಮುಚ್ಚಳ ಅಂಟಿಸಲು ಹೇಳಿದರೆ ಹೇಗೆ?

ಉತ್ತರ: ಚಿಟ್ಟೆ ಬೇಡ ಅಂತೀನಿ. ಗೆರೆ ನೀವೇ ಎಳೆದುಬಿಟ್ಟರೆ ಮಕ್ಕಳಿಗೆ ಉಳಿಯುವುದು ತುಂಬುವ ಕೆಲಸ ಮಾತ್ರ, ಅಲ್ವಾ? ಇಲ್ಲಿ ನೀಲಿ, ಅಲ್ಲಿ ಹಳದಿ ಅಂತ ನೀವು ಹೇಳುತ್ತಲೇ ಇರಬೇಕಾಗುತ್ತದೆ, ಚಿಕ್ಕವರು ಸ್ವಲ್ಪ ಹೊತ್ತಿಗೇ ಎದ್ದು ಹೋಗುತ್ತಾರೆ. ಒಂದೇ ವಸ್ತು ಆರಿಸಿ. ಒಂದು ಸಣ್ಣ ನಿಯಮ ಹೇಳಿ. ಆಕಾರ ತಾನಾಗೇ ಬರಲಿ.

ಜಪಾನಿನ ಕಲಾವಿದೆ ಯಾಯೋಯಿ ಕುಸಾಮಾ 2002ರಲ್ಲಿ ಬ್ರಿಸ್ಬೇನ್‌ನ ಕ್ವೀನ್ಸ್‌ಲ್ಯಾಂಡ್ ಆರ್ಟ್ ಗ್ಯಾಲರಿಗಾಗಿ ಮಕ್ಕಳಿಗೆಂದೇ ಒಂದು ಕೋಣೆ ರೂಪಿಸಿದರು. ಗೋಡೆ, ಕುರ್ಚಿ, ಮೇಜು ಎಲ್ಲವೂ ಬಿಳಿ. ಬಂದ ಮಕ್ಕಳ ಕೈಗೆ ಬಣ್ಣದ ದುಂಡು ಸ್ಟಿಕ್ಕರ್ ಕೊಟ್ಟು, ಎಲ್ಲಿ ಬೇಕಾದರೂ ಅಂಟಿಸಿ ಅಂದರು. ನಿಯಮ ಅಷ್ಟೇ. ದಿನ ಹೋದಂತೆ ಬಿಳಿಯೆಲ್ಲ ಚುಕ್ಕಿಗಳ ಅಡಿಗೆ ಹೋಯಿತು. ಅಲ್ಲಿ ಯಾವ ಮಗುವೂ ತಪ್ಪು ಮಾಡಲು ಸಾಧ್ಯವೇ ಇರಲಿಲ್ಲ, ನನಗೆ ತುಂಬಾ ಇಷ್ಟವಾಗುವುದು ಅದೇ.

ನಿಮ್ಮ ಹತ್ತಿರ ಇರುವುದರಲ್ಲಿ ನಾನಾದರೆ ಹಳೇ ಪೇಪರ್ ಹಿಡಿಯುತ್ತೇನೆ. ಎರಡು ಹಾಳೆ ಒಂದರ ಮೇಲೊಂದು ಇಟ್ಟು, ಒಂದು ಮೂಲೆಯಿಂದ ಎದುರು ಮೂಲೆಗೆ ತೆಳು ಕಡ್ಡಿಯ ಸುತ್ತ ಬಿಗಿಯಾಗಿ ಸುರುಳಿ ಸುತ್ತಿ, ಕೊನೆಯನ್ನು ಅಂಟಿಸಿ, ಕಡ್ಡಿ ಎಳೆದು ತೆಗೆದರೆ ಗಟ್ಟಿ ಕೊಳವೆ ಸಿಗುತ್ತದೆ. ತುದಿಗಳು ಮೆತ್ತಗಿರುತ್ತವೆ, ಅವನ್ನು ಚಪ್ಪಟೆ ಮಾಡಿ ಸ್ಟೇಪ್ಲರ್ ಹೊಡೆಯಿರಿ. ಮೊದಲು ನಾಲ್ಕು ಕೊಳವೆಯ ಚೌಕ ಮಾಡಲಿ, ತಳ್ಳಿದ ಕೂಡಲೇ ವಾಲುತ್ತದೆ. ಆಮೇಲೆ ಮೂರರ ತ್ರಿಕೋನ. ಅದು ವಾಲುವುದಿಲ್ಲ. ಇದನ್ನು ನೀವು ಹೇಳಿಕೊಡಬೇಡಿ, ಕೈಯಲ್ಲಿ ತಳ್ಳಿ ಅವರೇ ಕಂಡುಕೊಳ್ಳಲಿ. ನಿಯಮ ಇಷ್ಟಿರಲಿ: ಪ್ರತಿ ತ್ರಿಕೋನವೂ ಇನ್ನೊಂದಕ್ಕೆ ಅಂಟಿಕೊಂಡಿರಬೇಕು. ಐದು ವರ್ಷದವರು ಸುತ್ತಿದ್ದು ಸಡಿಲವಾಗುತ್ತದೆ, ಹಾಗಾಗಿ ದೊಡ್ಡವರೊಬ್ಬರು ಚಿಕ್ಕವರೊಬ್ಬರು ಜೋಡಿ ಮಾಡಿ. ಸ್ಟೇಪ್ಲರ್ ದೊಡ್ಡವರ ಕೈಯಲ್ಲೇ ಇರಲಿ.

ಪ್ರಶ್ನೆ: ಹೋದ ಸಲ ಮಕ್ಕಳು ಮನೆಗೆ ಹೋದ ಮೇಲೆ ನಮ್ಮಲ್ಲಿ ಕೆಲವರು ಸೊಟ್ಟಗಿದ್ದದ್ದನ್ನೆಲ್ಲ ನೇರ ಮಾಡಿದರು. ಅದರಲ್ಲಿ ತಪ್ಪೇನು?

ಉತ್ತರ: ತಪ್ಪೇ. ಮಗು ಮರುದಿನ ಅಪ್ಪ ಅಮ್ಮನನ್ನು ಕರೆತಂದು ತಾನು ಕಟ್ಟಿದ್ದನ್ನು ತೋರಿಸಲು ಹುಡುಕುತ್ತದೆ, ಅದು ಅಲ್ಲಿರುವುದಿಲ್ಲ. ಬೀಳುವಂತಿದ್ದರೆ, ಚುಚ್ಚುವಂತಿದ್ದರೆ ಸರಿಪಡಿಸಿ, ಅದೂ ಆ ಮಗುವಿನ ಎದುರಿಗೆ, ಕೇಳಿಕೊಂಡು. ಉಳಿದದ್ದು ಸೊಟ್ಟಗೇ ಇರಲಿ.

ಪ್ರಶ್ನೆ: ಬಯಲಲ್ಲಿ ಇಡುವುದಾದರೆ? ಆಮೇಲೆ ಅದನ್ನೆಲ್ಲ ಏನು ಮಾಡುವುದು?

ಉತ್ತರ: ಬಯಲಿಗೆ ಪೇಪರ್ ಆಗದು, ಒಂದು ಮಳೆಗೇ ಮುದ್ದೆಯಾಗುತ್ತದೆ. ಬಟ್ಟೆ ಪಟ್ಟಿಗಳನ್ನು ಬೇಲಿಗೋ ಬಲೆಗೋ ನೇಯಿಸಿ, ಆದರೆ ಪೂರ್ತಿ ಮುಚ್ಚಬೇಡಿ, ಗಾಳಿ ಆಡಲು ಸಂದು ಬಿಡಿ. ಇಲ್ಲದಿದ್ದರೆ ಹಾಯಿಯ ಹಾಗೆ ಗಾಳಿ ತುಂಬಿಕೊಂಡು ಬೇಲಿಯನ್ನೇ ಎಳೆಯುತ್ತದೆ. ಮುಚ್ಚಳಗಳನ್ನೂ ಪೋಣಿಸಿ ಕಟ್ಟುವುದಾದರೆ, ಅವಕ್ಕೆ ತೂತು ಹಾಕುವ ಕೆಲಸ ದೊಡ್ಡವರು ಮೊದಲೇ ಮುಗಿಸಿರಲಿ. ಮೂರು ವರ್ಷದೊಳಗಿನ ತಮ್ಮ ತಂಗಿಯರು ಜೊತೆಗೆ ಬರುತ್ತಾರೆ ಅನ್ನುವುದಾದರೆ ಮುಚ್ಚಳ ಬೇಡವೇ ಬೇಡ, ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಮಿನುಗುವ ಗ್ಲಿಟರ್ ಪುಡಿಯೂ ಬೇಡ. ಅದು ಹೆಚ್ಚಾಗಿ ಪ್ಲಾಸ್ಟಿಕ್ಕೇ, ಉದುರಿ ಮಣ್ಣಿಗೆ ಸೇರಿದರೆ ಮತ್ತೆ ಆರಿಸಲಾಗದು.

ಬಿಚ್ಚುವ ದಿನವನ್ನು ಶುರುವಿನಲ್ಲೇ ಮಕ್ಕಳಿಗೆ ಹೇಳಿಬಿಡಿ, ಬಿಚ್ಚಲು ಅವರನ್ನೇ ಕರೆಯಿರಿ. ಇಟಲಿಯ ರೆಜ್ಜೋ ಎಮಿಲಿಯಾದಲ್ಲಿ 1996ರಿಂದ ರೆಮಿಡಾ ಅನ್ನುವ ಕೇಂದ್ರವಿದೆ. ಕಾರ್ಖಾನೆಗಳಲ್ಲಿ ಮಿಕ್ಕ ಸಾಮಾನನ್ನು ಅಲ್ಲಿ ವಿಂಗಡಿಸಿಟ್ಟು, ಶಾಲೆಗಳಿಗೆ ಕೊಡುತ್ತಾರೆ. ನೀವೂ ಹಾಗೇ ಬಣ್ಣದ ಪ್ರಕಾರ ಡಬ್ಬಿಗೆ ತುಂಬಿಡಿ. ವಿಂಗಡಿಸುವುದೆಂದರೆ ಚಿಕ್ಕವರಿಗೆ ಆಟವೇ. ಪೇಪರ್ ಕೊಳವೆ ರದ್ದಿಗೆ ಹೋಗಲಿ, ಸ್ಟೇಪ್ಲರ್ ಪಿನ್ನುಗಳನ್ನು ಮಾತ್ರ ದೊಡ್ಡವರು ಮೊದಲು ತೆಗೆದಿಡಿ.