ಕಣ್ಣಿನ ಪ್ರೆಶರ್ ಇದ್ದವರು ಕೆಲಸದ ಮೇಲೆ ಲೇಹ್‌ಗೆ ಹೋಗಬಹುದಾ?

ಗ್ಲಾಕೋಮಾಗೆ (ಸಾಮಾನ್ಯವಾಗಿ ಕಣ್ಣೊಳಗಿನ ಪ್ರೆಶರ್‌ನಿಂದ ಕಣ್ಣಿನ ನರ ಹಾಳಾಗುವ ಕಾಯಿಲೆ) ಡ್ರಾಪ್ಸ್ ಹಾಕುತ್ತಿದ್ದೀರಿ, ಕಂಪನಿಯವರು ಮೂರು ವಾರ ಲೇಹ್‌ಗೆ ಕಳಿಸುತ್ತಿದ್ದಾರೆ, ಅಷ್ಟು ಎತ್ತರದಲ್ಲಿ ಕಣ್ಣಿನ ಪ್ರೆಶರ್ ಏರುತ್ತಾ ಅಂತ ಕೇಳಿದ್ದೀರಿ. ನನಗೂ ಅದೇ ಕಾಯಿಲೆ. ಮೊಬೈಲ್ ಟವರ್ ಕೆಲಸಕ್ಕೆ ಬೆಂಗಳೂರಿಂದ ಅಲ್ಲಿಗೆ ಮೂರು ಸಲ ಹೋಗಿ ಬಂದಿದ್ದೇನೆ.

ಮೊದಲ ಸಲ ಗಾಂಧಿಬಜಾರಿನಿಂದ ನಿಪ್ಪಟ್ಟಿನ ಪ್ಯಾಕೆಟ್ ಒಯ್ದಿದ್ದೆ. ರೂಮಿನಲ್ಲಿ ಬ್ಯಾಗ್ ತೆಗೆದರೆ ಅದು ದಿಂಬಿನ ಹಾಗೆ ಉಬ್ಬಿ ಕೂತಿತ್ತು. ಬೆಂಗಳೂರು ಇರೋದು ಸುಮಾರು 900 ಮೀಟರ್ ಎತ್ತರದಲ್ಲಿ, ಲೇಹ್ 3,500ರಲ್ಲಿ. ಹೊರಗಿನ ಒತ್ತಡ ಕಡಿಮೆಯಾದರೆ ಒಳಗಿನ ಗಾಳಿ ಹಿಗ್ಗುತ್ತೆ, ಅಷ್ಟೇ. ಆದರೆ ನನ್ನ ಕಣ್ಣೂ ಹೀಗೇ ಉಬ್ಬಿದರೆ ಅಂತ ಆ ರಾತ್ರಿಯೆಲ್ಲ ನಿದ್ದೆ ಇಲ್ಲ. (ಅಲ್ಲಿ ಮೊದಲ ರಾತ್ರಿ ತುಂಬಾ ಜನಕ್ಕೆ ನಿದ್ದೆ ಬರಲ್ಲ, ಅದು ಬೇರೆ ಮಾತು.)

ವಾಪಸ್ ಬಂದ ಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಕಣ್ಣೊಳಗೆ ಇರೋದು ನೀರಿನಂಥ ದ್ರವ, ಗಾಳಿ ಅಲ್ಲ. ಅದು ಪ್ಯಾಕೆಟ್ ಥರ ಹಿಗ್ಗಲ್ಲ. ಬೆಟ್ಟದ ಮೇಲೆ ಅಳೆದಾಗ ಪ್ರೆಶರ್ ಸ್ವಲ್ಪ ಏರಿದ್ದೂ ಉಂಟು, ಇಳಿದದ್ದೂ ಉಂಟಂತೆ. ಆಕ್ಸಿಜನ್ ಕಡಿಮೆಯಾಗಿ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ತುಸು ದಪ್ಪಗಾಗುತ್ತೆ, ಅದಕ್ಕೂ ರೀಡಿಂಗ್ ಜಾಸ್ತಿ ಬರಬಹುದು. ಕಣ್ಣಿನ ಪ್ರೆಶರ್ ಸಾಮಾನ್ಯವಾಗಿ 10ರಿಂದ 21 mmHg ಇರಬೇಕು ಅಂತಾರೆ. ನನ್ನದು ಹೋಗುವ ಮುಂಚೆ 16, ಬಂದ ಮೇಲೆ 15. ಅಲ್ಲಿದ್ದಾಗ ಅಳೆಸಿಲ್ಲ.

ರೆಟಿನಾ ಆಪರೇಷನ್‌ನಲ್ಲಿ ಕಣ್ಣಿಗೆ ಗ್ಯಾಸ್ ತುಂಬಿದ್ದರೆ ಮಾತ್ರ ಅದು ನಿಜಕ್ಕೂ ನಿಪ್ಪಟ್ಟಿನ ಪ್ಯಾಕೆಟ್ಟೇ. ವಿಮಾನವೂ ಬೇಡ, ಘಾಟಿಯೂ ಬೇಡ. ಗ್ಯಾಸ್ ಕರಗಲು ಕೆಲವು ವಾರ ಬೇಕು. ಅಷ್ಟರೊಳಗೆ ಮೇಲೆ ಹೋದರೆ ದೃಷ್ಟಿಯೇ ಹೋಗಬಹುದು. ನಿಮ್ಮ ಟೀಮಿನಲ್ಲಿ ಅಂಥವರಿದ್ದಾರಾ ಅಂತ ಕೇಳಿಕೊಳ್ಳಿ.

ಇನ್ನೊಂದು ತಮಾಷೆ ನೋಡಿ. ಬೆಟ್ಟದ ತಲೆನೋವು, ವಾಂತಿ ಬರದಿರಲಿ ಅಂತ ಕೊಡುವ ಡಯಾಮಾಕ್ಸ್ ಕಣ್ಣಿನ ಪ್ರೆಶರ್ ಇಳಿಸುವ ಮಾತ್ರೆಯೂ ಹೌದು. ಬೆರಳು ಜುಮ್ ಅನ್ನುತ್ತೆ, ಪದೇ ಪದೇ ಮೂತ್ರಕ್ಕೆ ಓಡಬೇಕು. ಕಿಡ್ನಿ ಸ್ಟೋನ್ ಅಥವಾ ಸಲ್ಫಾ ಅಲರ್ಜಿ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ನಿಮ್ಮ ಕಣ್ಣಿನ ನರ ಈಗಾಗಲೇ ಜಾಸ್ತಿ ಹಾಳಾಗಿದ್ದರೆ ಅವರನ್ನು ಕೇಳದೆ ಟಿಕೆಟ್ ಮಾಡಿಸಬೇಡಿ.

ನನಗೆ ಕಾಟ ಕೊಟ್ಟದ್ದು ಎತ್ತರ ಅಲ್ಲ, ಚಳಿ. ಫೆಬ್ರವರಿಯಲ್ಲಿ ಡ್ರಾಪ್ಸ್ ಬಾಟಲಿ ಕಿಟಕಿ ಪಕ್ಕ ಇಟ್ಟು ಮಲಗಿದ್ದೆ. ಬೆಳಿಗ್ಗೆ ಹಿಂಡಿದರೆ ಒಂದು ಹನಿಯೂ ಇಲ್ಲ, ಒಳಗೆ ಕಲ್ಲಾಗಿತ್ತು. ಹೊಸದು ಸಿಗುವಷ್ಟರಲ್ಲಿ ಎರಡು ರಾತ್ರಿ ಡ್ರಾಪ್ಸ್ ತಪ್ಪಿತು. ಈಗ ಎರಡು ಬಾಟಲಿ ಒಯ್ಯುತ್ತೇನೆ, ರಾತ್ರಿ ಎರಡೂ ರಜಾಯಿಯೊಳಗೆ ನನ್ನ ಜೊತೆಗೇ ಮಲಗುತ್ತವೆ.