ಗದ್ದಾಫಿ ಮಗ ಸೈಫ್‌ನ ಕೇಸು ಐಸಿಸಿಯಲ್ಲೇ (ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ) ಉಳಿದು, ಗದ್ದಾಫಿಯ ಗುಪ್ತಚರ ಮುಖ್ಯಸ್ಥ ಸೆನುಸಿಯದು ಲಿಬಿಯಾಕ್ಕೆ ಹೋದದ್ದೇಕೆ?

ನೀವು ರೋಮ್ ಶಾಸನದ (ಐಸಿಸಿಯನ್ನು ಸ್ಥಾಪಿಸಿದ ಒಪ್ಪಂದ) 17ನೇ ವಿಧಿಯನ್ನು, ಅಂದರೆ ಐಸಿಸಿ ಯಾವಾಗ ಕೇಸನ್ನು ದೇಶಕ್ಕೇ ಬಿಡಬೇಕೆಂಬ ನಿಯಮವನ್ನು, ‘ದೇಶಕ್ಕೆ ಸಾಮರ್ಥ್ಯವಿದೆಯೇ’ ಎಂಬಲ್ಲಿಂದ ಓದಿದ್ದೀರಿ ಅನಿಸುತ್ತದೆ, ಗೊಂದಲ ಅಲ್ಲೇ. ಅದು ಎರಡನೇ ಪ್ರಶ್ನೆ.

ಮೊದಲು ನೋಡಬೇಕಾದ್ದು: ಅದೇ ವ್ಯಕ್ತಿಯ ಮೇಲೆ, ಬಹುಮಟ್ಟಿಗೆ ಅದೇ ಕೃತ್ಯಕ್ಕೆ ದೇಶದೊಳಗೆ ನಿಜಕ್ಕೂ ತನಿಖೆ ನಡೆಯುತ್ತಿದೆಯೇ? ಅಪರಾಧದ ಹೆಸರು ಬೇರೆಯಿದ್ದರೆ ಅಡ್ಡಿಯಿಲ್ಲ, ಕೊಲೆ ಕೇಸಾದರೂ ನಡೆದೀತು. ಚುನಾವಣೋತ್ತರ ಹಿಂಸೆಯ ಕೇಸುಗಳನ್ನು ತನಗೇ ಬಿಡಿ ಎಂದ ಕೀನ್ಯಾ 2011ರಲ್ಲಿ ಎಡವಿದ್ದು ಇಲ್ಲೇ. ಸುಧಾರಣೆಯ ಭರವಸೆ ಕೊಟ್ಟಿತು, ಆ ಆರೋಪಿಗಳ ಮೇಲಿನ ತನಿಖೆಗೆ ಗಟ್ಟಿ ದಾಖಲೆ ಕೊಡಲಿಲ್ಲ.

ಆಮೇಲಷ್ಟೇ ದೇಶಕ್ಕೆ ಕೇಸು ನಡೆಸುವ ಮನಸ್ಸು, ಸಾಮರ್ಥ್ಯ ಇದೆಯೇ ಎಂಬುದು. ಸೈಫ್ ವಿಷಯದಲ್ಲಿ ಲಿಬಿಯಾ ಈ ಎರಡೂ ಪ್ರಶ್ನೆಗಳಲ್ಲಿ ಸೋತಿತು (ಮೇ 2013): ದಾಖಲೆ ಸಾಲಲಿಲ್ಲ, ಆರೋಪಿ ಸರ್ಕಾರದ ಬದಲು ಜಿಂತಾನ್ ಪಟ್ಟಣದ ಸಶಸ್ತ್ರ ಪಡೆಯ ವಶದಲ್ಲಿದ್ದ. ಸೆನುಸಿ ಸರ್ಕಾರದ ಕೈಯಲ್ಲೇ ಇದ್ದ, ಸಾಕ್ಷ್ಯವೂ ಹೆಚ್ಚಿತ್ತು. ಅಕ್ಟೋಬರ್‌ನಲ್ಲಿ ಐಸಿಸಿ ಬಿಟ್ಟುಕೊಟ್ಟಿತು. 2014ರ ಮೇಲ್ಮನವಿಗಳಲ್ಲೂ ಇವೇ ನಿಂತವು.

‘ಸೈಫ್‌ಗೆ ವಕೀಲರಿರಲಿಲ್ಲ’ ಎಂಬುದೊಂದನ್ನೇ ಹಿಡಿಯಬೇಡಿ, ಆಗ ಸೆನುಸಿಗೂ ಇರಲಿಲ್ಲ.