ಬೋಲ್ಟ್ ಆಕ್ಷನ್ ಸ್ಲಗ್ ಕೋವಿಗೆ ಮರದ ಸ್ಟಾಕ್ ಹಾಕಿದರೆ ಗುರಿ ಸುಧಾರಿಸುತ್ತದೆಯೇ? ಮನೆಯಲ್ಲೇ ಕೂರಿಸಬಹುದೇ?

ಮನೆಯಲ್ಲೇ ಕೂರಿಸಬಹುದು. ಆದರೆ ಗುರಿ ಸುಧಾರಿಸಲಿ ಎಂದು ಕೂರಿಸುವುದಾದರೆ ಬೇಡ. ಅಮೆರಿಕದ ಒಹಾಯೊ, ಚರೆಯ ಬದಲು ಸ್ಲಗ್ ಎಂಬ ಒಂಟಿ ಗುಂಡು ಹಾರಿಸುವ 20 ಗೇಜಿನ ಸ್ಯಾವೇಜ್ 220, ಅದರ ಕಪ್ಪು ಪ್ಲಾಸ್ಟಿಕ್ ಸ್ಟಾಕ್ (ಉಕ್ಕಿನ ಭಾಗ ಕೂರುವ, ಭುಜಕ್ಕೆ ಆನಿಸುವ ಒಡಲು) ಕಂಡರೆ ಬೇಸರ, ಥ್ಯಾಂಕ್ಸ್‌ಗಿವಿಂಗ್ ಮುಗಿದ ಸೋಮವಾರ ಕೋವಿಯ ಜಿಂಕೆ ಸೀಸನ್ ಶುರುವಾಗುವುದರೊಳಗೆ ಅಕ್ರೋಟು ಮರದ್ದು ಬರಬೇಕೆಂಬ ಅವಸರ. ನೀವು ಬರೆದಿರುವುದೆಲ್ಲ ನನ್ನದೇ ಹಳೆಯ ಕಥೆ.

ನಾನು ಮಡಿಕೇರಿ ಕಡೆಯವನು. ಕೊಡಗಿನ ಆಯುಧಪೂಜೆಯಾದ ಕೈಲ್ ಮುಹೂರ್ತದ ದಿನ ಮನೆಯ ಕೋವಿಗಳನ್ನೆಲ್ಲ ಹೊರಗೆ ತೆಗೆದು, ಒರೆಸಿ, ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಸಾಲಾಗಿ ಇಡುವುದನ್ನು ನೋಡುತ್ತ ಬೆಳೆದವನಿಗೆ ಕೋವಿ ಎಂದರೆ ಎಣ್ಣೆ ಕುಡಿದು ಕಪ್ಪಾದ ಮರ. ಹಾಗಾಗಿ ಇಲ್ಲಿ ಮೊದಲ ಸ್ಲಗ್ ಕೋವಿ ಕೊಂಡಾಗಲೇ ಪ್ಲಾಸ್ಟಿಕ್ ತೆಗೆದುಬಿಡಬೇಕೆಂದು ತೀರ್ಮಾನಿಸಿದ್ದೆ. ಆನ್‌ಲೈನಿನಲ್ಲಿ ಅಕ್ರೋಟು ಮರದ ಸ್ಟಾಕ್ ತರಿಸಿದೆ. ಏನೂ ಕೆತ್ತಬೇಕಿಲ್ಲ, ಇಟ್ಟು ಸ್ಕ್ರೂ ಬಿಗಿದರೆ ಸಾಕು ಎಂದು ಡಬ್ಬಿಯ ಮೇಲೆಯೇ ಬರೆದಿತ್ತು. ಆಕ್ಷನ್, ಅಂದರೆ ಬೋಲ್ಟ್ ಮತ್ತು ಟ್ರಿಗರ್ ಇರುವ ಉಕ್ಕಿನ ಭಾಗ, ಇಟ್ಟು ಅಂಗೈಯಿಂದ ಒತ್ತಿದೆ, ಸರಕ್ಕನೆ ಕೂತಿತು. ಹಿಂದೆ ಬೋಲ್ಟಿನ ಬಾಲದ ಕೆಳಗೆ ಟ್ಯಾಂಗ್ ಎಂಬ ಉಕ್ಕಿನ ಚಾಚು ಇದೆಯಲ್ಲ, ಅದರ ಸುತ್ತ ಒಂದು ಕಾಗದದ ಹಾಳೆ ತೂರುವಷ್ಟೂ ಸಂದಿಯಿರಲಿಲ್ಲ. ಇಷ್ಟು ಚೊಕ್ಕವಾಗಿ ಕೂತಿದೆಯಲ್ಲ ಎಂದು ಹಿಗ್ಗಿ ಮನೆಯವರಿಗೆಲ್ಲ ತೋರಿಸಿದ್ದೆ. ಅದೇ ತಪ್ಪು.

ಮೊದಲ ಕೆಲವು ಗುಂಡು ಒಂದೇ ಕಡೆ ಬಿದ್ದವು. ಆಮೇಲೆ ಚದುರತೊಡಗಿದವು. ಸ್ಕೋಪಿನ ಉಂಗುರ ಬಿಗಿದೆ, ತೋಟಾ ಬದಲಿಸಿದೆ. ಪ್ಲಾಸ್ಟಿಕ್ ಕವಚದೊಳಗೆ ಗುಂಡಿರುವ ಸಾಬೊ ತೋಟಾ ಬರುವುದು ಐದೈದರ ಡಬ್ಬಿಯಲ್ಲಿ, ಬೆಲೆ ನಿಮಗೇ ಗೊತ್ತು. ಸೀಸನ್ ಹತ್ತಿರ ಬಂದಾಗ ಕೋವಿ ಒರೆಸುತ್ತಿದ್ದೆ. ಟ್ಯಾಂಗಿನ ಹಿಂದೆ, ಕೈ ಹಿಡಿಯುವ ಸಪೂರ ಜಾಗದಲ್ಲಿ, ಕೂದಲೆಳೆಯಂಥ ಗೆರೆ ಕಂಡಿತು. ಮರದ ಎಳೆ ಇರಬೇಕೆಂದುಕೊಂಡು ಹೆಬ್ಬೆರಳಿಂದ ಒತ್ತಿದೆ. ಗೆರೆ ಬಾಯಿ ಬಿಟ್ಟಿತು, ಒಳಗಿಂದ ಎಣ್ಣೆ ಜಿನುಗಿತು.

ಬಿಚ್ಚಿ ನೋಡಿದಾಗ ಎಲ್ಲ ಅರ್ಥವಾಯಿತು. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಏಕೆಂದರೆ ಉಳಿದದ್ದೆಲ್ಲ ತಪ್ಪಿದರೆ ಸರಿಪಡಿಸಬಹುದು, ಇದು ತಪ್ಪಿದರೆ ಮರವೇ ಹೋಗುತ್ತದೆ. ಗುಂಡು ಮುಂದಕ್ಕೆ ಹೋದಾಗ ನಳಿಗೆ, ಆಕ್ಷನ್ ಎಲ್ಲ ಸೇರಿ ಹಿಂದಕ್ಕೆ ಒದೆಯುತ್ತವೆ. ಆ ಒದೆತವನ್ನು ಮರಕ್ಕೆ ದಾಟಿಸಲೆಂದೇ ಆಕ್ಷನ್ನಿನ ಮುಂತುದಿಯಲ್ಲಿ, ನಳಿಗೆಯ ನಟ್ಟಿಗೂ ಬೋಲ್ಟ್ ಓಡಾಡುವ ರಿಸೀವರಿಗೂ ನಡುವೆ, ಉಕ್ಕಿನ ಒಂದು ತಟ್ಟೆ ಕೆಳಕ್ಕೆ ಚಾಚಿರುತ್ತದೆ. ಅದೇ ರೀಕಾಯಿಲ್ ಲಗ್. ಲಗ್‌ನ ಹಿಂಬದಿ ಪೂರ್ತಿ ಮರಕ್ಕೆ ಆನಿಕೊಂಡಿರಬೇಕು. ಅಲ್ಲಿ ಮರ ದಪ್ಪ, ಭಾರ ಅಗಲವಾಗಿ ಹಂಚಿಹೋಗುತ್ತದೆ. ನನ್ನ ಸ್ಟಾಕಿನಲ್ಲಿ ಲಗ್‌ನ ಹಿಂದಿನ ಮರ ಹೊಚ್ಚ ಹೊಸದಾಗಿಯೇ ಇತ್ತು, ಉಳಿಯ ಗುರುತು ಕೂಡ ಮಾಸಿರಲಿಲ್ಲ. ಅಂದರೆ ಲಗ್ ಅದನ್ನು ಮುಟ್ಟಿಯೇ ಇರಲಿಲ್ಲ. ಟ್ಯಾಂಗಿನ ತುದಿ ತಾಗುವ ಮರ ಮಾತ್ರ ಒತ್ತಿ ಒತ್ತಿ ಮಿರಮಿರ ಹೊಳೆಯುತ್ತಿತ್ತು. ಪ್ರತಿ ಒದೆತವೂ ಆ ಕಿರುಬೆರಳಗಲದ ಉಕ್ಕಿನ ಬಾಲದಿಂದಲೇ ಮರಕ್ಕೆ ಇಳಿದಿದೆ. ಅದೂ ಇಡೀ ಸ್ಟಾಕಿನಲ್ಲೇ ಅತಿ ಸಪೂರವಾದ ಜಾಗದಲ್ಲಿ, ಎಳೆ ಓಡುವ ದಿಕ್ಕಿಗೇ ಸರಿಯಾಗಿ. ಸೌದೆಗೆ ಬೆಣೆ ಇಟ್ಟು ಹೊಡೆದ ಹಾಗೆ. ಸೀಳದೆ ಇನ್ನೇನಾಗುತ್ತದೆ? 20 ಗೇಜ್ ಎಂದು ಹಗುರವಾಗಿ ಎಣಿಸಬೇಡಿ. 250 ಗ್ರೇನಿನ ಸಾಬೊ, ಅಂದರೆ ಹದಿನಾರು ಗ್ರಾಮಿನಷ್ಟು ತೂಕದ್ದು, ಸೆಕೆಂಡಿಗೆ 1800 ಅಡಿ ವೇಗದಲ್ಲಿ ಹೋಗುತ್ತದೆ. ಹಕ್ಕಿ ಹೊಡೆಯುವ ಚರೆಯ ತೋಟಾದ ಒದೆತ ಬೇರೆ, ಇದು ಬೇರೆ.

ನಮ್ಮೂರಿನ ಹಳೆಯ ಜೋಡಿ ನಳಿಗೆ ಕೋವಿಗಳಲ್ಲಿ ಎಷ್ಟೋ ಕೋವಿಗಳಿಗೆ ಇದೇ ಜಾಗದಲ್ಲಿ ತಾಮ್ರದ ತಂತಿ ಸುತ್ತಿರುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಯಾಕೆಂದು ಒಮ್ಮೆಯೂ ಕೇಳಿರಲಿಲ್ಲ. ಕೋವಿಗೆ ಮರ ಕೂರಿಸಬಲ್ಲ ಆಚಾರಿಗಳು ಟ್ಯಾಂಗಿನ ಹಿಂದೆ ಬೇಕೆಂದೇ ಒಂದಿಷ್ಟು ಸಂದಿ ಬಿಡುತ್ತಾರೆ. ತಿಳಿಯದವರ ಕಣ್ಣಿಗೆ ಅದು ಕೆಲಸದ ಒರಟುತನದಂತೆ ಕಾಣುತ್ತದೆ.

ಆದ್ದರಿಂದ ನಿಮ್ಮ ಸ್ಟಾಕ್ ಬಂದ ಕೂಡಲೇ ಸ್ಕ್ರೂ ಬಿಗಿಯಲು ಹೋಗಬೇಡಿ. ಕೋವಿ ಖಾಲಿ ಇದೆಯೇ ನೋಡಿ, ಬೋಲ್ಟ್ ಹೊರಗೆ ತೆಗೆದಿಡಿ. ಲಗ್‌ಗೂ ಆಕ್ಷನ್ನಿನ ತಳಕ್ಕೂ ದೀಪದ ಮಸಿಯನ್ನೋ ಲಿಪ್‌ಸ್ಟಿಕ್ಕನ್ನೋ ತೆಳ್ಳಗೆ ಸವರಿ, ಮರದಲ್ಲಿಟ್ಟು ಒತ್ತಿ ತೆಗೆಯಿರಿ. ಗುರುತು ಬಿದ್ದ ಕಡೆ ಮಾತ್ರ ಉಕ್ಕು ಮರವನ್ನು ಮುಟ್ಟುತ್ತಿದೆ ಎಂದರ್ಥ. ಉಬ್ಬಿದ ಕಡೆ ಚೂರು ಚೂರೇ ಕೆರೆಯಿರಿ. ಲಗ್‌ನ ಹಿಂದೆ ಗುರುತು ಬೀಳದಿದ್ದರೆ ಅಲ್ಲಿ ಎಪಾಕ್ಸಿ ಅಂಟು ತುಂಬಿ ಬೆಡ್ಡಿಂಗ್, ಅಂದರೆ ಲಗ್‌ಗೆ ತಕ್ಕ ಅಚ್ಚು, ಮಾಡಲೇಬೇಕು. ಮರೀನ್-ಟೆಕ್ಸ್, ಆಕ್ರಾಗ್ಲಾಸ್ ಯಾವುದಾದರೂ ನಡೆಯುತ್ತದೆ. ಲಗ್‌ನ ಮುಂದೆ, ಎರಡು ಪಕ್ಕ ಮತ್ತು ತಳಕ್ಕೆ ಟೇಪ್ ಅಂಟಿಸಿ, ಹಿಂಬದಿಗೆ ಬೇಡ. ಟೇಪ್ ತೆಗೆದ ಮೇಲೆ ಹಿಂಬದಿ ಮಾತ್ರ ಆನಿಕೊಂಡು, ಉಳಿದ ಕಡೆ ಬಿಡುವು ಉಳಿಯುತ್ತದೆ. ಎಪಾಕ್ಸಿ ಹಿಡಿಯದಂತೆ ಉಕ್ಕಿಗೆಲ್ಲ ಬಣ್ಣವಿಲ್ಲದ ಶೂ ಪಾಲಿಶನ್ನು ಧಾರಾಳವಾಗಿ ಬಳಿಯಿರಿ. ಸ್ಕ್ರೂ ತೂತು, ಟ್ರಿಗರಿನ ಸಂದಿ, ಎಲ್ಲವಕ್ಕೂ ಮಕ್ಕಳು ಆಡುವ ಜೇಡಿ ತುಂಬಿ. ಒಂದು ತೂತಿಗೆ ಎಪಾಕ್ಸಿ ಹೊಕ್ಕು ಗಟ್ಟಿಯಾದರೂ ಸಾಕು, ಸ್ಟಾಕನ್ನು ಗರಗಸದಿಂದ ಕೊಯ್ದೇ ಕೋವಿ ಬಿಡಿಸಬೇಕಾದೀತು.

ಟ್ಯಾಂಗಿನ ಹಿಂದೆ ಕನಿಷ್ಠ ಒಂದು ಎಟಿಎಂ ಕಾರ್ಡ್ ತೂರುವಷ್ಟು ಸಂದಿ ಬಿಡಿ, ಇಂಚಿನ 1/32 ಭಾಗ. ಈ ಆಕ್ಷನ್ನಿನಲ್ಲಿ ಟ್ಯಾಂಗ್ ಕೆಳಗಿನ ಮರಕ್ಕೂ ತಾಗದೆ ತೇಲುತ್ತಿರಬೇಕು. ನೋಡುವುದಕ್ಕೆ ಚೆನ್ನಾಗಿಲ್ಲ ಎಂದು ಮೇಣ ತುಂಬಬೇಡಿ. ಕೆರೆದ ಕಡೆಯೆಲ್ಲ ಹಸಿ ಮರ ಹೊರಬಂದಿರುತ್ತದೆ, ಅದಕ್ಕೆ ಟಂಗ್ ಎಣ್ಣೆ ಹಚ್ಚಿ ಒಣಗಿಸಿ. ಇಲ್ಲದಿದ್ದರೆ ನವೆಂಬರಿನ ಮಳೆ ಹಿಮದಲ್ಲಿ ಮರ ನೀರು ಕುಡಿದು ಉಬ್ಬಿ, ನೀವು ಬಿಟ್ಟ ಸಂದಿ ಮುಚ್ಚಿಹೋಗುತ್ತದೆ.

ಇನ್ನು ಕೆಲವು ಬೇಗ ಹೇಳಿಬಿಡುತ್ತೇನೆ. ಬೋಲ್ಟಿನ ಹಿಡಿಕೆ ಮರಕ್ಕೆ ತಾಗಿದರೆ ಬೋಲ್ಟ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಇದು ಅಪಾಯ. ಮ್ಯಾಗಜೀನ್ ಹಳೆಯ ಸ್ಟಾಕಿನಲ್ಲಿದ್ದ ಎತ್ತರದಲ್ಲೇ ಕೂರಬೇಕು, ತುಸು ತಗ್ಗಿದರೂ ಬೋಲ್ಟ್ ತೋಟಾದ ಮೇಲೆಯೇ ಹಾದುಹೋಗುತ್ತದೆ. ಟ್ರಿಗರ್ ಮತ್ತು ಸೇಫ್ಟಿ ಎಲ್ಲೂ ಮರಕ್ಕೆ ಉಜ್ಜಬಾರದು. ಖಾಲಿ ಕೋವಿಯಲ್ಲಿ ಸೇಫ್ಟಿ ಹಾಕಿ ಟ್ರಿಗರ್ ಎಳೆದು, ಆಮೇಲೆ ಟ್ರಿಗರ್ ಬಿಟ್ಟು ಸೇಫ್ಟಿ ತೆಗೆದಾಗ ಫೈರಿಂಗ್ ಪಿನ್ ತಾನಾಗಿ ಬೀಳುತ್ತದೆಯೇ ನೋಡಿ, ಬೀಳಬಾರದು. ನಳಿಗೆಯ ಕೆಳಗೆ ಒಂದು ನೋಟು ಲಗ್‌ವರೆಗೂ ಸಲೀಸಾಗಿ ಜಾರಬೇಕು. ಸ್ಕ್ರೂಗಳನ್ನು ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ, ಮುಂದಿನದು ಮೊದಲು. ಒಳಗೆ ಲೋಹದ ಪಿಲ್ಲರ್ ಇಲ್ಲದ ಬರಿ ಮರವನ್ನು ಕೈಯಂದಾಜಿನಲ್ಲಿ ಬಿಗಿದರೆ ಮರ ಹಿಚುಕಿಹೋಗುತ್ತದೆ.

ಗುರಿಯ ವಿಷಯಕ್ಕೆ ಬರುತ್ತೇನೆ. ಸ್ಲಗ್ ಕೋವಿಯ ಗುರಿಯನ್ನು ಮುಖ್ಯವಾಗಿ ನಿರ್ಧರಿಸುವುದು ತೋಟಾ. ಒಂದು ನಳಿಗೆಗೆ ಒಗ್ಗಿದ ಸಾಬೊ ಇನ್ನೊಂದಕ್ಕೆ ಒಗ್ಗುವುದಿಲ್ಲ. ಪ್ಲಾಸ್ಟಿಕ್ ಸ್ಟಾಕಿಗೆ ಒಂದು ನಿಜವಾದ ದೋಷವಿದೆ: ಮುಂಗೈ ಹಿಡಿಯುವ ಭಾಗ ಬಳುಕಿ ನಳಿಗೆಗೆ ತಾಗುತ್ತದೆ. ಮರ ಗಟ್ಟಿ, ಬಳುಕುವುದಿಲ್ಲ. ಮರದಿಂದ ಸಿಗುವ ಲಾಭ ಅಷ್ಟೇ, ಅದೂ ಸರಿಯಾಗಿ ಕೂರಿಸಿದರೆ. ಬರಿ ಗುರಿಯೇ ನಿಮಗೆ ಮುಖ್ಯವಾದರೆ ಆ ಹಣಕ್ಕೆ ಬೇರೆ ಬೇರೆ ಕಂಪನಿಯ ಸಾಬೊ ತಂದು ಈಗಿರುವ ಸ್ಟಾಕಿನಲ್ಲೇ ಹೊಡೆದು ನೋಡಿ. ಒಹಾಯೊದಲ್ಲಿ 2014ರಿಂದ ಜಿಂಕೆಗೆ ನೇರ ಗೋಡೆಯ (ಕುತ್ತಿಗೆ ಕಿರಿದಾಗದ) ಕಾರ್ಟ್ರಿಜ್ ರೈಫಲ್ಲುಗಳಿಗೂ ಅನುಮತಿ ಇದೆ. ಅದನ್ನೂ ಯೋಚಿಸಿ.

ಮರವೇ ಬೇಕು, ಅದರ ಮೇಲೆ ಪ್ರೀತಿ ಇದೆ ಎಂದರೆ ನನ್ನ ತಕರಾರಿಲ್ಲ, ನನಗೂ ಇದೆ. ಆದರೆ ಒದ್ದೆಯಲ್ಲಿ ಬೇಟೆಗೆ ಹೋಗುವ ಕೋವಿಗೆ ಒಂಟಿ ತುಂಡಿನ ಅಕ್ರೋಟು ಬೇಡ, ಪದರ ಪದರ ಅಂಟಿಸಿದ ಲ್ಯಾಮಿನೇಟ್ ತೊಗೊಳ್ಳಿ. ತೂಕ ಹೆಚ್ಚು, ಅಂದ ಕಡಿಮೆ. ಆದರೆ ಅಷ್ಟು ಸುಲಭವಾಗಿ ತಿರುಚಿಕೊಳ್ಳುವುದಿಲ್ಲ, ಸೀಳುವುದಿಲ್ಲ, ತೂಕ ಹೆಚ್ಚಾದಷ್ಟು ಭುಜಕ್ಕೆ ಒದೆತವೂ ಕಡಿಮೆ. ಟ್ರಿಗರಿನಿಂದ ಸ್ಟಾಕಿನ ಹಿಂತುದಿವರೆಗಿನ ಉದ್ದ ಆರಿಸುವಾಗ ದಪ್ಪ ಜಾಕೆಟ್ ಹಾಕಿಕೊಂಡೇ ಅಳೆಯಿರಿ. ಇಲ್ಲಿ ಸಾಮಾನ್ಯವಾಗಿ ಬರುವ ಹದಿಮೂರೂವರೆ ಇಂಚಿನ ಚಿಲ್ಲರೆ ಉದ್ದ ಚಳಿಗಾಲದ ಬಟ್ಟೆಯ ಮೇಲೆ ನಮ್ಮಲ್ಲಿ ಅನೇಕರಿಗೆ ಹೆಚ್ಚಾಗುತ್ತದೆ.

ನೀವು ಕೇಳಿಲ್ಲ, ಆದರೂ ಹೇಳಬೇಕು: ನೀವು ಎಚ್-1ಬಿ ಕೆಲಸದ ವೀಸಾ ಮೇಲಿದ್ದರೆ ಫೆಡರಲ್ ಕಾನೂನಿನ ಪ್ರಕಾರ ಕೋವಿ ಇಟ್ಟುಕೊಳ್ಳುವುದೇ ನಿಷಿದ್ಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಅದರ ಅವಧಿ ಒಂದು ದಿನವೂ ತಪ್ಪದಂತೆ ನೋಡಿಕೊಳ್ಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧವಿಲ್ಲ.

ಸ್ಟಾಕ್ ಬಂದ ಮೇಲೆ ಲಗ್‌ನ ಹಿಂಬದಿಯ ಮಸಿ ಗುರುತು, ಟ್ಯಾಂಗಿನ ಸಂದಿ, ಎರಡರ ಫೋಟೋ ಇಲ್ಲೇ ಕೆಳಗೆ ಹಾಕಿ. ಎಪಾಕ್ಸಿ ಕಲಸುವ ಮೊದಲು ಹಾಕಿದರೆ ಎಲ್ಲಿ ಇನ್ನೂ ಕೆರೆಯಬೇಕೆಂದು ನೋಡಿ ಹೇಳುತ್ತೇನೆ.